ಅಮಾವಾಸ್ಯೆಯ ಮರುದಿನದ ಪಂದ್ಯ

ಅಕ್ಕೋಳ ಫುಟ್‌ಬಾಲ್ ಕ್ಲಬ್ಬಿಗೆ ನಾನು ಅಧ್ಯಕ್ಷೆಯಾದದ್ದು ಆ ಹೊತ್ತಿಗೆ ಮನೆಯಲ್ಲಿದ್ದ ಕಾರಣಕ್ಕೆ. ನೋಂದಣಿಯ ಫಾರ್ಮಿನಲ್ಲಿ ಪದಾಧಿಕಾರಿಗಳ ಪೈಕಿ ಒಬ್ಬರಾದರೂ ಪದವೀಧರರಿರಬೇಕು ಎಂದಿತ್ತು. ಊರಲ್ಲಿ ಪದವೀಧರರಿಗೆ ಕೊರತೆಯಿಲ್ಲ. ಆದರೆ ಬಾಬಾಸಾಹೇಬ ಮಾಸ್ತರರು ಫಾರ್ಮು ಹಿಡಿದು ಮನೆಮನೆ ಸುತ್ತಿದ ಆ ಮಧ್ಯಾಹ್ನ ಎಲ್ಲರೂ ಹೊಲಕ್ಕೋ ನಿಪ್ಪಾಣಿಗೋ ಹೋಗಿದ್ದರು. ನಾನು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಬಹಳ ವರ್ಷಗಳ ಹಿಂದೆ ಕೊಲ್ಹಾಪುರದಲ್ಲಿ ಸಸ್ಯಶಾಸ್ತ್ರ ಓದಿದ್ದೇನೆ, ಅದು ನಡೆಯುತ್ತದೆಯೇ ಎಂದು ಕೇಳಿದೆ.

“ನಡೀತೈತ್ರಿ ಬಾಯಾರ,” ಎಂದರು ಮಾಸ್ತರರು. “ಗ್ರೌಂಡಿನ್ಯಾಗ ಹುಲ್ಲು ಇರ್ತೈತಲ್ಲ.”

ಇದು ಹನ್ನೊಂದು ವರ್ಷದ ಹಿಂದಿನ ಮಾತು. ಆಮೇಲೆ ಆಫ್‌ಸೈಡ್ ಎಂದರೇನೆಂದು ಅವರು ನನಗೆ ಮೂರು ಸಲ ಹೇಳಿಕೊಟ್ಟಿದ್ದಾರೆ. ಮೂರು ಸಲವೂ ಮೊದಲ ಸಲ ಹೇಳುತ್ತಿರುವ ಹಾಗೆಯೇ ಹೇಳಿದರು.

ಬಾಬಾಸಾಹೇಬರು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ಈಗ ನಿವೃತ್ತರು, ಕ್ಲಬ್ಬಿನ ಕೋಚು. ಗ್ರೌಂಡು ನಮ್ಮದೇ ನೆಲ. ಸಕ್ಕರೆ ಕಾರ್ಖಾನೆಯ ಯಾರ್ಡಿಗೆ ಅಂಟಿಕೊಂಡ ನಾಲ್ಕು ಎಕರೆ, ನೀರು ಹಾಯಿಸಿ ಹಾಯಿಸಿ ಸವಳಾಗಿತ್ತು. ಬೇಸಿಗೆಯಲ್ಲಿ ಉಪ್ಪು ಬೆಳ್ಳಗೆ ಮೇಲೆದ್ದು ಕಾಣುತ್ತಿತ್ತು, ಕಬ್ಬು ಮೊಣಕಾಲೆತ್ತರ ಬಂದು ನಿಂತುಬಿಡುತ್ತಿತ್ತು. ನಮ್ಮ ಯಜಮಾನರು ಬದುಕಿದ್ದಾಗ ಮಾಸ್ತರರಿಗೆ ಆ ನೆಲ ಬಿಟ್ಟುಕೊಟ್ಟು, “ಕಬ್ಬಂತೂ ಬರೂದಿಲ್ಲ, ಹುಡುಗ್ರು ಬರ್ತಾರೇನ್ ನೋಡ್ರಿ” ಎಂದಿದ್ದರು. ಹುಡುಗರು ಬಂದರು.

ಮೊದಲ ಎರಡು ವರ್ಷ ಜಿಲ್ಲೆಯ ಕೊನೆಯ ದರ್ಜೆಯಲ್ಲಿ ನಮಗೆ ಕೊನೆಯ ಸ್ಥಾನ. ಅದಕ್ಕಿಂತ ಕೆಳಗೆ ದರ್ಜೆಯೇ ಇರಲಿಲ್ಲವಾದ್ದರಿಂದ ನಮ್ಮನ್ನು ಇಳಿಸಲಾಗಲಿಲ್ಲ. ಮೂರನೆಯ ವರ್ಷ ಕಾಡಸಿದ್ದ ಬಂದ. ಅವನು ಕಬ್ಬು ಹೇರುವವನು. ಟ್ರೇಲರಿನ ಮೇಲೆ ನಿಂತು, ಕೆಳಗಿನವರು ಎತ್ತಿಕೊಟ್ಟ ಹೊರೆಗಳನ್ನು ಹಿಡಿದು ಹೊಂದಿಸುವುದು ಅವನ ಕೆಲಸ. ಚೆಂಡನ್ನು ಕೈಯಲ್ಲಿ ತೂಗಿ ನೋಡಿ, “ಇಷ್ಟ ಹಗುರ ಐತ್ಯೇನ್ರಿ ಇದು?” ಎಂದು ಕೇಳಿದ. ಅವನನ್ನು ಗೋಲಿನಲ್ಲಿ ನಿಲ್ಲಿಸಿದ ಮೇಲೆ ಸೋಲುವುದು ಕಡಿಮೆಯಾಯಿತು. ಗೆಲ್ಲುವುದಕ್ಕೆ ಇನ್ನೂ ಎರಡು ವರ್ಷ ಬೇಕಾಯಿತು.

ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಒಂಬತ್ತನೆಯ ವರ್ಷಕ್ಕೆ ರಾಜ್ಯದ ಮೂರನೆಯ ದರ್ಜೆಯ ಲೀಗು ಸೇರಿದೆವು. ಹೋದ ವರ್ಷದಿಂದ ನಮ್ಮದು ವೃತ್ತಿಪರ ಕ್ಲಬ್ಬು. ಎಂದರೆ ಆಟಗಾರರಿಗೆ ಕರಾರುಪತ್ರ ಇರುತ್ತದೆ, ತಿಂಗಳ ಸಂಬಳ ಇರುತ್ತದೆ, ಸೋದರಮಾವನ ಮನೆಯ ಜಾವಳ ಇದೆ ಎಂದು ಪಂದ್ಯ ತಪ್ಪಿಸುವಂತಿಲ್ಲ. ಕೊಲ್ಹಾಪುರದ ಪೇಠೆಗಳಲ್ಲಿ ಆಡಿ ಬೆಳೆದ ನಾಲ್ವರು, ಕೇರಳದ ಇಬ್ಬರು, ಮಣಿಪುರದ ಒಬ್ಬ ನಮ್ಮ ಹಿತ್ತಲ ಮನೆಯಲ್ಲಿ ಇರುತ್ತಾರೆ. ಉಳಿದವರು ಊರವರೇ. ಊಟ ನಮ್ಮಲ್ಲಿ. ನಾವು ಜೈನರು, ಹೊತ್ತು ಮುಳುಗುವುದರೊಳಗೆ ಉಣ್ಣುತ್ತೇವೆ. ಅವರೂ ಉಣ್ಣುತ್ತಾರೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಇಲ್ಲದ ಅಡಿಗೆ ಉಂಡು ತೊಂಬತ್ತು ನಿಮಿಷ ಓಡಲಾಗುತ್ತದೆಯೇ ಎಂದು ಕೇರಳದವರಿಗೆ ಮೊದಲು ಸಂಶಯವಿತ್ತು. ಈಗ ಬಿಸಿಲು ಇಳಿಯುವ ಮೊದಲೇ ಕಟ್ಟೆಯ ಮೇಲೆ ಸಾಲಾಗಿ ಕೂತಿರುತ್ತಾರೆ. ಆಮೇಲೆ ನಿಪ್ಪಾಣಿ ರಸ್ತೆಯ ಢಾಬಾಕ್ಕೂ ಹೋಗಿಬರುತ್ತಾರೆ. ಅದು ನನಗೆ ತಿಳಿಯದಿರಲೆಂದು ಅವರು ಬಾಯಿ ತುಂಬ ಬಡೇಸೋಪು ಜಗಿದು ಬರುವುದನ್ನು ನೋಡಿ ನಾನೂ ಸುಮ್ಮನಿದ್ದೇನೆ.

ಇನ್ನು ಗ್ಯಾಲರಿಯ ವಿಷಯ. ಜನ ಕೂತು ನೋಡಲು ಮೆಟ್ಟಿಲು ಕಟ್ಟಿಸುವ ಶಕ್ತಿ ಕ್ಲಬ್ಬಿಗೆ ಇರಲಿಲ್ಲ. ಮೊದಲ ವರ್ಷ ಯಾರೋ ಒಬ್ಬರು ಕಬ್ಬಿನ ಟ್ರೇಲರನ್ನು ಗೆರೆಯ ಆಚೆ ನಿಲ್ಲಿಸಿ, ಮನೆಮಂದಿಯನ್ನೆಲ್ಲ ಹತ್ತಿಸಿ, ಪಂದ್ಯ ನೋಡಿದರು. ಮುಂದಿನ ವರ್ಷ ಹನ್ನೆರಡು ಟ್ರೇಲರು ನಿಂತವು. ಆಮೇಲೆ ಅದೇ ಪದ್ಧತಿಯಾಯಿತು. ಆದರೆ ದೀಪಾವಳಿಯಿಂದ ಮಾರ್ಚಿಯವರೆಗೆ ಕಾರ್ಖಾನೆ ನಡೆಯುತ್ತದೆ, ಲೀಗೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ ನಡೆಯುತ್ತದೆ. ಖಾಲಿ ಟ್ರೇಲರು ಸಿಗಬೇಕಲ್ಲ?

ಮಾಸ್ತರರು ಕಂಡುಕೊಂಡ ಉಪಾಯ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಎತ್ತು ಹೂಡುವುದಿಲ್ಲ. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದ ಮೇಲೆ ಟ್ರ್ಯಾಕ್ಟರನ್ನೂ ಹೂಡುವುದಿಲ್ಲ. ತೊಳೆದು, ಕಾಯಿ ಒಡೆದು, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ನಿಲ್ಲಿಸುತ್ತಾರೆ. ಕಬ್ಬು ಕಡಿಯಲು ಮಹಾರಾಷ್ಟ್ರದಿಂದ ಬಂದ ಗ್ಯಾಂಗುಗಳಿಗೂ ಅಂದು ಸೂಟಿ. ಲೀಗಿನಲ್ಲಿ ಆರು ತಂಡ, ಊರಲ್ಲಿ ಆಡುವುದು ಐದು ಪಂದ್ಯ, ಐದು ಅಮಾವಾಸ್ಯೆ. ಎಳ್ಳಮಾಸಿಯಂದು ಜನ ಹೊಲದಲ್ಲಿ ಉಂಡು ಬುತ್ತಿಯ ಗಂಟಿನ ಸಮೇತ ಗ್ರೌಂಡಿಗೇ ಬರುತ್ತಾರೆ. ನಾವು ಆರಿಸಿ ಕಳಿಸುವ ತಾರೀಖುಗಳ ಹಿಂದೆ ಚಂದ್ರನಿದ್ದಾನೆಂದು ಬೆಂಗಳೂರಿನ ಲೀಗಿನ ಆಫೀಸಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಈ ಸಲ ಜನವರಿಯ ಹೊತ್ತಿಗೆ ನಾವು ಎರಡನೆಯ ಸ್ಥಾನದಲ್ಲಿದ್ದೆವು. ಮೊದಲ ಎರಡು ತಂಡಗಳು ಎರಡನೆಯ ದರ್ಜೆಗೆ ಏರುತ್ತವೆ. ಆಗ ಲೀಗಿನಿಂದ ಕಾಗದ ಬಂತು. ಎರಡನೆಯ ದರ್ಜೆಯ ಗ್ರೌಂಡಿನಲ್ಲಿ ಸಾವಿರ ಜನಕ್ಕೆ ಕೂರುವ ವ್ಯವಸ್ಥೆ ಇರಬೇಕು. ಪಂದ್ಯದ ದಿನ ಪರಿವೀಕ್ಷಕರು ಬಂದು ಮೂರು ಸಲ ಎಣಿಸುತ್ತಾರೆ: ಶುರುವಿಗೆ ಒಮ್ಮೆ, ಅರ್ಧಕ್ಕೆ ಒಮ್ಮೆ, ಮುಗಿಯುವಾಗ ಒಮ್ಮೆ. ಒಂದು ಎಣಿಕೆಯಲ್ಲಿ ಕಡಿಮೆ ಬಿದ್ದರೂ ನಮ್ಮ ಊರಿನ ಪಂದ್ಯಗಳನ್ನು ಮುಂದೆ ಬೆಂಗಳೂರಿನಲ್ಲಿ ಆಡಬೇಕು.

“ಬೆಂಗಳೂರಾಗ ಆಡಿದ್ರ ಅದು ಅಕ್ಕೋಳದ ಕ್ಲಬ್ ಹೆಂಗ ಆಗ್ತೈತ್ರಿ?” ಎಂದರು ಮಾಸ್ತರರು. “ಇಲ್ಲಿ ಮಂದಿ ನೋಡಬೇಕಂತ ಕಟ್ಟಿದ್ದು. ಅಲ್ಲಿಗಾದ್ರ ನಾ ಬರೂದಿಲ್ರಿ. ಬ್ಯಾರೆ ಕೋಚ್ ನೋಡ್ಕೋರ್ರಿ.”

ಅವರು ಸುಮ್ಮನೆ ಹೇಳುವವರಲ್ಲ. ಈ ಹನ್ನೊಂದು ವರ್ಷದಲ್ಲಿ ಊರಿನ ಒಂದು ಪಂದ್ಯವನ್ನೂ ಅವರು ತಪ್ಪಿಸಿರಲಿಲ್ಲ. ಮಗಳ ಹೆರಿಗೆಗೆಂದು ಚಿಕ್ಕೋಡಿಯ ಆಸ್ಪತ್ರೆಗೆ ಹೋದವರು ಎರಡನೆಯ ಅರ್ಧಕ್ಕೆ ಪೇಢೆಯ ಡಬ್ಬಿ ಹಿಡಿದು ವಾಪಸು ಬಂದಿದ್ದರು.

ಅರ್ಜಿ ನಾನೇ ಬರೆದೆ. ‘ಸ್ಥಳಾಂತರಿಸಬಹುದಾದ ಉಕ್ಕಿನ ಆಸನ ವ್ಯವಸ್ಥೆ, ನಲವತ್ತೆರಡು ಘಟಕಗಳು, ಪ್ರತಿಯೊಂದಕ್ಕೆ ಇಪ್ಪತ್ತೈದು ಜನ.’ ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಆದರೂ ಅಂದು ಬಸದಿಯಲ್ಲಿ ಎಂದಿಗಿಂತ ಹೆಚ್ಚು ಹೊತ್ತು ಕೂತೆ.

ಪಂದ್ಯ ಬುಧವಾರ, ಅಮಾವಾಸ್ಯೆಗೆ. ಹರಿಹರದ ತಂಡ ಹಿಂದಿನ ದಿನವೇ ಬಂದು ಶಾಲೆಯಲ್ಲಿ ಇಳಿದಿತ್ತು. ಬುಧವಾರ ಬೆಳಿಗ್ಗೆ ಹತ್ತಕ್ಕೆ, ಹಿಂದಿನ ದಿನ ಬೆಳಕಿರುವಾಗಲೇ ಎಳೆದು ತಂದಿದ್ದ ನಲವತ್ತೆರಡು ಟ್ರೇಲರುಗಳು ತೊಳೆಸಿಕೊಂಡು, ಅರಿಷಿಣ ಕುಂಕುಮ ಹಚ್ಚಿಕೊಂಡು ಗ್ರೌಂಡಿನ ಸುತ್ತ ನಿಂತಿದ್ದವು. ಹನ್ನೊಂದಕ್ಕೆ ಮಾಸ್ತರರಿಗೆ ಲೀಗಿನ ಆಫೀಸಿನಿಂದ ಫೋನು ಬಂತು. ಪರಿವೀಕ್ಷಕರು ಹೊರಟೇ ಇಲ್ಲ. ಅವರ ಹೆಸರು ವಿರುಪಾಕ್ಷಪ್ಪ. ಮಂಗಳವಾರ ಸಂಜೆಗೇ ತಿಥಿ ಹತ್ತಿದ್ದರಿಂದ, ಅಮಾವಾಸ್ಯೆಯಲ್ಲಿ ಪ್ರಯಾಣ ಬೇಡವೆಂದು ಮನೆಯಲ್ಲಿ ತಡೆದರಂತೆ. ಬುಧವಾರ ರಾತ್ರಿ ಹೊರಟು ಗುರುವಾರ ಬರುತ್ತಾರೆ. ಪಂದ್ಯವೂ ಗುರುವಾರವೇ.

ದುಂಡವ್ವ ಆಗಲೇ ಬಂದು ಟ್ರೇಲರು ಹತ್ತಿದ್ದಳು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು, ಒಂದು ಪಂದ್ಯವನ್ನೂ ಬಿಟ್ಟವಳಲ್ಲ. ರೆಫರಿಗಳಿಗೆ ಬೈಯಲು ಬರುತ್ತಾಳೆ.

“ಅಮಾಸಿಗೆ ಹೊಂಡೂದಿಲ್ಲಂದ್ರ ಏನ್ ಮನುಷ್ಯಾಬೇ ಅಂವ?” ಎಂದಳು.

“ನೀ ಹೊಂಡ್ತೀಯೇನ ಆಯಿ?” ಎಂದ ಪಕ್ಕದವನೊಬ್ಬ.

“ನಾ ಯಾಕ್ ಹೊಂಡ್ಲಿ ಅಮಾಸಿಗೆ?”

ಆಮೇಲೆ ಪರಿವೀಕ್ಷಕರನ್ನು ಬೈಯುವ ಬಾಯಿ ಯಾರಿಗೂ ಉಳಿಯಲಿಲ್ಲ. ಜನ ಇಳಿದು ಮನೆಗೆ ಹೋದರು.

ಸಂಜೆ ನಮ್ಮ ಕಟ್ಟೆಯ ಮೇಲೆ ಕಮಿಟಿ ಸೇರಿತು. ಭೀಮಗೊಂಡ ನಮ್ಮ ಮೈದುನನ ಮಗ, ಕ್ಲಬ್ಬಿನ ಉಪಾಧ್ಯಕ್ಷ. ನಲವತ್ತೆರಡರಲ್ಲಿ ಎಂಟು ಟ್ರೇಲರು ಅವನವು.

“ಕಾಕೂ, ನಾಳೆ ನಂದು ಪಾಳಿ ಐತಿ,” ಎಂದ. “ಕಾರ್ಖಾನಿಯವ್ರು ಚೀಟಿ ಕೊಟ್ಟಾರ. ನಾಳೆ ಕಡೀಲಿಲ್ಲಂದ್ರ ಮತ್ತ ಹದಿನೈದ್ ದಿನಾ ಕಾಯಬೇಕು. ಕಬ್ಬು ಹೂವಾಗಿ ತುರಾಯಿ ಬಿಟ್ಟೈತಿ, ಇನ್ನ ತಡಿಯೂದಿಲ್ಲ.”

“ಎಂಟ್ರಾಗ ನಾಕ್ ಬಿಡಪಾ,” ಎಂದರು ಮಾಸ್ತರರು.

“ನಾಕ್ ನಿಮಗ ಬಿಟ್ಟು ನಾಕ್ರಾಗ ಹೆಂಗ್ರಿ ಹೇರ್ಲಿ? ಕಡದ್ ಕಬ್ಬು ಹೊಲದಾಗ ಬಿದ್ರ ಒಣಗತೈತಿ. ಒಣಗಿದ್ರ ತೂಕ ಹೋತು.”

“ನೀ ಉಪಾಧ್ಯಕ್ಷ ಅದೀಯೋ.”

“ಉಪಾಧ್ಯಕ್ಷ ಅಂತ ಕಬ್ಬು ಹಸೀ ಇರ್ತೈತೇನ್ರಿ, ಮಾಸ್ತರ?”

ಭೀಮಗೊಂಡನ ಮಾತಿನಲ್ಲಿ ತಪ್ಪಿರಲಿಲ್ಲ. ಉಳಿದ ರೈತರದೂ ಅದೇ ಕತೆ. ಒಂದು ದಿನ ಸುಮ್ಮನೆ ಕೂತ ಗ್ಯಾಂಗುಗಳನ್ನು ಇನ್ನೊಂದು ದಿನ ಕೂರಿಸುವಂತಿಲ್ಲ. ಮಾಸ್ತರರ ಚಹಾ ಆರಿ ಕೆನೆಗಟ್ಟಿತು. ಅವರು ಕೊರಳಿನ ಸೀಟಿಯನ್ನು ತೆಗೆದು ನನ್ನ ಮುಂದೆ ಇಟ್ಟರು.

“ಇದನ್ನ ಇಟಗೋರ್ರಿ ಬಾಯಾರ.”

“ನನಗ ಊದಾಕ ಬರೂದಿಲ್ರಿ ಮಾಸ್ತರ,” ಎಂದೆ. “ನಾಳೆ ತನಕಾ ನಿಮ್ಮ ಹಂತೇಕನ ಇರಲಿ.”

ಕಟ್ಟೆಯ ತುದಿಯಲ್ಲಿ ಈಶ್ವರ ಕೂತಿದ್ದ. ಕಾರ್ಖಾನೆಯ ಯಾರ್ಡಿನಲ್ಲಿ ಬಂದ ಟ್ರ್ಯಾಕ್ಟರುಗಳಿಗೆ ನಂಬರು ಕೊಟ್ಟು, ಸಾಲು ಹಚ್ಚಿಸಿ, ತೂಕದ ಕಾಟಾಕ್ಕೆ ಬಿಡುವವನು ಅವನೇ. ಕಮಿಟಿಯಲ್ಲಿ ಇದ್ದಾನೆ, ಮಾತಾಡಿದ್ದು ನಾನು ಕಂಡಿಲ್ಲ. ಅಂದು ನನ್ನ ಕಡೆ ನೋಡಿ ಮಾತಾಡಿದ.

“ಆಯಿ, ನಾಳೆ ಎಲ್ಲಾರದೂ ಒಮ್ಮಿಗೇ ಬರ್ತೈತ್ರಿ. ಇನ್ನೂರು ಟ್ರೇಲರ್. ಲೈನ್ ಬಸ್‌ಸ್ಟ್ಯಾಂಡ್ ತನಕ ಹೋಗ್ತೈತಿ. ದಾರಿ ಬಂದ್ ಆತಂತ ಮಂದಿ ನನಗ ಬೈತಾರ.”

“ಅದಕ್ಕ?” ಎಂದರು ಮಾಸ್ತರರು.

“ಲೈನ್ ದಾರಿ ಮ್ಯಾಲ ಹಚ್ಚೂ ಬದ್ಲಿ ಗ್ರೌಂಡ್ ಸುತ್ತ ಹಚ್ಚತೇನ್ರಿ. ಈ ಕಡಿ ಗೇಟಿನ್ಯಾಗ ಬಂದು, ಗ್ರೌಂಡ್ ಸುತ್ತ ಹಾಕಿ, ಆ ಕಡಿ ಕಾಟಾಕ್ಕ ಹೋಗ್ಲಿ.”

“ತುಂಬಿದ್ ಟ್ರೇಲರ್ ಮ್ಯಾಲ ಮಂದಿ ಎಲ್ಲಿ ಕುಂಡ್ರತಾರೋ?”

“ಕಬ್ಬಿನ ಮ್ಯಾಲ.”

“ಲೈನ್ ಮುಂದ ಸರೀತೈತಲ್ಲ?”

ಈಶ್ವರ ಬೆರಳಿನಿಂದ ಕಟ್ಟೆಯ ಮೇಲೆ ಒಂದು ಸುತ್ತು ಗೆರೆ ಎಳೆದ. “ಸರೀತೈತ್ರಿ,” ಎಂದ.

ಬೇರೆ ಉಪಾಯ ಯಾರಲ್ಲೂ ಇರಲಿಲ್ಲ.

ಗುರುವಾರ ಮಧ್ಯಾಹ್ನ ವಿರುಪಾಕ್ಷಪ್ಪನವರು ಬಂದರು. ತೆಳ್ಳಗಿನ ಮನುಷ್ಯ, ಅರವತ್ತು ದಾಟಿದೆ, ಬಲಮೊಣಕಾಲಿಗೆ ಪಟ್ಟಿ. ಒಂದು ದಿನ ತಡವಾದದ್ದಕ್ಕೆ ಕ್ಷಮೆ ಕೇಳಿದರು. ಅವರ ಮನೆಯವರಿಗೆ ಈ ವಿಷಯದಲ್ಲಿ ನಂಬಿಕೆ ಬಲವಂತೆ. “ನನಗೆ ಹಾಗೇನಿಲ್ಲ,” ಎಂದರು. “ಆದರೆ ಒಂದ್ಸಲ ಅಮಾವಾಸ್ಯೆ ದಿನ ಹೊರಟು ಈ ಮೊಣಕಾಲು ಮುರೀತು. ಆವತ್ತಿನಿಂದ ವಾದ ಮಾಡೋದು ಬಿಟ್ಟಿದ್ದೀನಿ.” ಹರಿಹರದವರ ಪಂಕ್ತಿಯಲ್ಲೇ ಅವರಿಗೂ ರೊಟ್ಟಿ, ಹೆಸರುಕಾಳು, ಮೊಸರು ಬಡಿಸಿದೆ. ಅವರು ತಾಟನ್ನು ತಾವೇ ಎತ್ತಿಕೊಂಡು ಹಿತ್ತಲಿಗೆ ಹೋದರು. ಪರಿವೀಕ್ಷಣೆಗೆಂದು ಬಂದವರು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಮೂರು ಗಂಟೆಗೆ ಇಪ್ಪತ್ತೊಂದು ಟ್ರ್ಯಾಕ್ಟರು, ಒಂದೊಂದರ ಹಿಂದೆ ಎರಡೆರಡರಂತೆ ನಲವತ್ತೆರಡು ಟ್ರೇಲರು, ಕಬ್ಬು ತುಂಬಿಕೊಂಡು ಗ್ರೌಂಡನ್ನು ಸುತ್ತುವರಿದವು. ಕಾಡಸಿದ್ದ ಪಂದ್ಯದ ಬಟ್ಟೆಯಲ್ಲೇ ಬೆಳಗಿನಿಂದ ಅವುಗಳ ಮೇಲೆ ಓಡಾಡಿ, ಮೇಲಿನ ಕಬ್ಬನ್ನು ಸಪಾಟಾಗಿ ಹಾಸಿ, ಅಂಚಿಗೆ ಹಗ್ಗ ಕಟ್ಟಿದ್ದ. ಹೊರೆ ಹೊರುವವರು ಹತ್ತುವ ಹಲಗೆಗಳನ್ನು ಜನ ಹತ್ತಲೆಂದು ಹಚ್ಚಿದ್ದರು. ದುಂಡವ್ವನನ್ನು ಗ್ಯಾಂಗಿನ ಇಬ್ಬರು ಹೆಂಗಸರು ಆಚೀಚೆ ಹಿಡಿದು ಮೇಲೆ ಮುಟ್ಟಿಸಿದರು. ಕಬ್ಬಿನ ರವದಿ, ಆ ಒಣಗಿದ ಗರಿ, ಚುಚ್ಚುತ್ತದೆಂದು ಒಬ್ಬಳು ತನ್ನ ಗುಡಿಸಲಿನಿಂದ ಕೌದಿ ತಂದು ಹಾಸಿದಳು. ಅವಳಿಗೆ ಕನ್ನಡ ಬರುವುದಿಲ್ಲ, ದುಂಡವ್ವನ ಮರಾಠಿ ಎಂದರೆ ಬೈಗುಳಗಳಷ್ಟೇ. ಹೇಗೋ ಮಾತಾಡಿಕೊಂಡರು.

ಮೂರೂವರೆಗೆ ಆಟ ಶುರುವಾಯಿತು. ವಿರುಪಾಕ್ಷಪ್ಪನವರು ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ಎಣಿಸಿದರು. ನಲವತ್ತೆರಡು. ಬರೆದುಕೊಂಡರು.

ಏಳನೆಯ ನಿಮಿಷಕ್ಕೆ ಕಾಟಾ ಖಾಲಿಯಾಯಿತು. ಈಶ್ವರ ಕೈ ಎತ್ತಿದ. ಇಪ್ಪತ್ತೊಂದು ಟ್ರ್ಯಾಕ್ಟರುಗಳು ಒಮ್ಮೆಗೇ ಚಾಲೂ ಆದವು. ಮೊದಲನೆಯದು ಒಳಗೆ ಹೋಯಿತು, ಇಡೀ ಗ್ಯಾಲರಿ ಒಂದು ಸ್ಥಾನ ಮುಂದೆ ಸರಿಯಿತು, ಹಿಂದೆ ಹೊಸತೊಂದು ಬಂದು ಸೇರಿತು. ಗ್ರೌಂಡಿನ ಮೇಲೆ ಹೊಗೆ ಇಳಿಯಿತು. ಆಟ ನಿಲ್ಲಲಿಲ್ಲ. ನಿಲ್ಲಿಸಬೇಕೆಂದು ಯಾವ ನಿಯಮದಲ್ಲೂ ಇಲ್ಲವೆಂದು ರೆಫರಿ ಆಮೇಲೆ ಹೇಳಿದರು.

ವಿರುಪಾಕ್ಷಪ್ಪನವರು ಕನ್ನಡಕ ಒರೆಸಿಕೊಂಡರು.

“ಮೇಡಂ, ಈ ಗ್ಯಾಲರಿ ಚಲಿಸ್ತಾ ಇದೆ.”

“ಹೌದ್ರಿ. ಸ್ಥಳಾಂತರಿಸಬಹುದಾದದ್ದು ಅಂತ ಅರ್ಜಿಯೊಳಗ ಬರದಿದ್ದೆ.”

“ಆಟದ ಮಧ್ಯೆ ಅಂತ ಬರೆದಿರಲಿಲ್ಲ.”

“ಇಲ್ರಿ, ಅದನ್ನ ಬರದಿದ್ದಿಲ್ಲ.”

ಅವರು ಪುಸ್ತಕದಲ್ಲಿ ಏನೋ ಬರೆದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದರು.

“ಜನ ಏನು ತಿಂತಾ ಇದ್ದಾರೆ?”

“ಕಬ್ಬು ರೀ.”

“ಅಂದ್ರೆ, ಕೂತಿರೋದನ್ನೇ?”

“ಹೌದ್ರಿ.”

ಅದನ್ನೂ ಬರೆದುಕೊಂಡರು.

ಮಾಸ್ತರರು ಕಾಟಾದ ಹತ್ತಿರ ಈಶ್ವರನ ಜೊತೆ ನಿಂತು ಸೀಟಿ ಊದಿ ಟ್ರ್ಯಾಕ್ಟರುಗಳನ್ನು ಸರಿಸುತ್ತಿದ್ದರು. ಆಟದ ಕಡೆಗೆ ಅವರ ಬೆನ್ನಿತ್ತು. ಅವರ ಸೀಟಿಗೆ ಆಟಗಾರರು ಎರಡು ಸಲ ಆಟ ನಿಲ್ಲಿಸಿದರು, ರೆಫರಿಯ ಸೀಟಿಗೆ ಒಂದು ಟ್ರ್ಯಾಕ್ಟರು ಮುಂದೆ ಹೋಯಿತು. ಇಪ್ಪತ್ತೆಂಟನೆಯ ನಿಮಿಷದಲ್ಲಿ, ಎಲ್ಲ ಎಂಜಿನ್ನುಗಳೂ ಒಟ್ಟಿಗೆ ಗುಡುಗುತ್ತಿದ್ದಾಗ, ನಮ್ಮವರು ಕೂಗಿದ್ದು ಕಾಡಸಿದ್ದನಿಗೆ ಕೇಳಿಸಲಿಲ್ಲ. ಹರಿಹರದವರು ಗೋಲು ಹಾಕಿದರು.

ಅರ್ಧಕ್ಕೆ ಮತ್ತೆ ಎಣಿಕೆ. ನಲವತ್ತೆರಡು. ಶುರುವಿನ ಟ್ರೇಲರುಗಳಲ್ಲಿ ಹನ್ನೆರಡು ಆಗಲೇ ಕಾರ್ಖಾನೆಯೊಳಗೆ ಹೋಗಿದ್ದವು, ಆದರೆ ಸಂಖ್ಯೆ ಸರಿಯಾಗಿತ್ತು. ಹರಿಹರದಿಂದ ಬಂದಿದ್ದ ಹದಿನಾಲ್ಕು ಜನ ಬೆಂಬಲಿಗರು ಮುಂದಿನ ಟ್ರೇಲರೊಂದರಲ್ಲಿ ಕೂತಿದ್ದರಿಂದ ಬೇಗ ಕಾಟಾ ಮುಟ್ಟಿದ್ದರು. ಈಶ್ವರ ಅವರನ್ನು ಇಳಿಸಿಯೇ ತೂಕ ಮಾಡಿದ. “ಮಂದೀನ್ನೂ ಕಬ್ಬಿನ್ಯಾಗ ತೂಗಿದ್ರ ನನ್ನ ನೌಕರಿ ಹೋಗ್ತೈತ್ರಿ,” ಎಂದು ಅವರಿಗೆ ಹೇಳಿ, ಕೊನೆಯ ಟ್ರೇಲರಿನ ತನಕ ಕರೆದೊಯ್ದು ಮತ್ತೆ ಹತ್ತಿಸಿದ. ದುಂಡವ್ವ ನಡುಗೆರೆಯಿಂದ ಹೊರಟವಳು ನಮ್ಮ ಗೋಲಿನ ಹಿಂದೆ ಬಂದಿದ್ದಳು. ಕಾಡಸಿದ್ದ ಬಿಟ್ಟುಕೊಟ್ಟ ಗೋಲಿನ ಬಗ್ಗೆ ಅವನಿಗೆ ಹತ್ತಿರದಿಂದಲೇ ಹೇಳಲು ಅನುಕೂಲವಾಯಿತು.

ಎರಡನೆಯ ಅರ್ಧದಲ್ಲಿ ಈಶ್ವರನ ಲೆಕ್ಕ ತಪ್ಪಿತು. ಇನ್ನೂರು ಟ್ರೇಲರು ಬರಬೇಕಾಗಿತ್ತು. ಆದರೆ ಸೂಟಿಯ ಮರುದಿನವಾದ್ದರಿಂದ ಗ್ಯಾಂಗಿನವರು ತಡವಾಗಿ ಎದ್ದಿದ್ದರು. ಬೆಳಿಗ್ಗೆ ಕಡಿದದ್ದೆಲ್ಲ ಬಂದು ಮುಗಿದಿತ್ತು, ಮಧ್ಯಾಹ್ನದ್ದನ್ನು ಇನ್ನೂ ಹೊಲಗಳಲ್ಲಿ ಹೇರುತ್ತಿದ್ದರು. ಆಟ ಮುಗಿಯಲು ಇಪ್ಪತ್ತೈದು ನಿಮಿಷ ಇರುವಾಗ ಮುಂದಿನಿಂದ ಒಂದು ಟ್ರ್ಯಾಕ್ಟರು ಹೋಯಿತು, ಹಿಂದಿನಿಂದ ಯಾವುದೂ ಬರಲಿಲ್ಲ. ನಲವತ್ತು ಉಳಿದವು. ಸರಿಯಾಗಿ ಸಾವಿರ ಜನ. ಇನ್ನೊಂದು ಟ್ರ್ಯಾಕ್ಟರು ಹೋದರೆ ಬೆಂಗಳೂರು.

ಮುಂದಿನ ಪಾಳಿ ಭೀಮಗೊಂಡನದು. ಅವನ ನಾಲ್ಕು ಟ್ರ್ಯಾಕ್ಟರುಗಳು ಸಾಲಾಗಿ ಮುಂದೆ ನಿಂತಿದ್ದವು, ಮೊದಲನೆಯದನ್ನು ಅವನೇ ನಡೆಸುತ್ತಿದ್ದ. ಕಾಟಾ ಖಾಲಿಯಾಯಿತು. ಮಾಸ್ತರರ ಸೀಟಿ ಬಾಯಲ್ಲೇ ಇತ್ತು, ಊದಲಿಲ್ಲ. ಬಿಡಬೇಡವೆಂದು ಈಶ್ವರನಿಗೆ ಹೇಳುವ ಹಾಗೂ ಇರಲಿಲ್ಲ, ಯಾಕೆಂದರೆ ಕಾರ್ಖಾನೆಯ ಕಾಟಾ ಕ್ಲಬ್ಬಿನದಲ್ಲ. ಈಶ್ವರ ಆಕಾಶ ನೋಡುತ್ತ ನಿಧಾನವಾಗಿ ಕೈ ಎತ್ತಿದ.

ಭೀಮಗೊಂಡ ಎಂಜಿನ್ ಬಂದ್ ಮಾಡಿದ. ಕೆಳಗಿಳಿದ. ಬಾನೆಟ್ಟು ಎತ್ತಿ ಒಳಗೆ ಬಗ್ಗಿ ನೋಡತೊಡಗಿದ.

“ಏನಾತೋ?” ಎಂದರು ಮಾಸ್ತರರು.

“ಚಾಲೂ ಆಗವಲ್ತು.”

“ಈಗ ಚಾಲೂ ಇತ್ತಲ್ಲೋ!”

“ಈಗ ಇತ್ರಿ. ಈಗ ಇಲ್ಲ.”

ಒಂದು ಕಡೆ ಬೇಲಿ, ಇನ್ನೊಂದು ಕಡೆ ಆಟದ ಗೆರೆ. ಹಿಂದಿನವರು ದಾಟಿ ಹೋಗುವಂತಿರಲಿಲ್ಲ. ಹಾರನ್ನುಗಳು ಶುರುವಾದವು.

“ಏ ಭೀಮಣ್ಣಾ, ಗಾಡಿ ತಗೀಯೋ! ಕಬ್ಬು ಒಣಗಾಕತ್ತೈತಿ!” ಎಂದು ಹಿಂದಿನವನೊಬ್ಬ ಒದರಿದ.

“ನಂದೂ ಒಣಗಾಕತ್ತೈತೋ,” ಎಂದ ಭೀಮಗೊಂಡ, ಬಾನೆಟ್ಟಿನೊಳಗಿಂದಲೇ.

ಅವನು ಇಪ್ಪತ್ತು ನಿಮಿಷ ಹಾಗೆಯೇ ಬಗ್ಗಿ ನಿಂತಿದ್ದ. ಅವನ ಕೈಯಲ್ಲಿ ನಟ್ಟು ತಿರುಗಿಸುವ ಪಾನಾ ಇರಲಿಲ್ಲ, ಅರಿವೆಯೂ ಇರಲಿಲ್ಲ. ನಾನು ಕೂತಲ್ಲಿಂದ ನೋಡಿದರೆ, ಅವನ ಮುಖ ಎಂಜಿನ್ನಿನ ಕಡೆ ಇತ್ತು, ಕಣ್ಣು ಚೆಂಡಿನ ಕಡೆ ಇತ್ತು. ಎಂಬತ್ತೊಂದನೆಯ ನಿಮಿಷದಲ್ಲಿ ಮಣಿಪುರದ ಹುಡುಗ ಇಬ್ಬರನ್ನು ದಾಟಿ ಎಡಗಾಲಿನಿಂದ ಗೋಲು ಹಾಕಿದಾಗ ಭೀಮಗೊಂಡನ ತಲೆ ಬಾನೆಟ್ಟಿಗೆ ಬಡಿಯಿತು. ಹಿಂದಿನ ಹತ್ತೊಂಬತ್ತು ಟ್ರ್ಯಾಕ್ಟರುಗಳ ಹಾರನ್ನುಗಳು ಒಟ್ಟಿಗೆ ಕೂಗಿದವು. ಅವು ಆಗಲೇ ಕೂಗುತ್ತಿದ್ದುದರಿಂದ ಹೆಚ್ಚಿನ ವ್ಯತ್ಯಾಸ ತಿಳಿಯಲಿಲ್ಲ.

ಮಾಸ್ತರರು ತಿರುಗಿ ನೋಡುವಷ್ಟರಲ್ಲಿ ಚೆಂಡು ಬಲೆಯಲ್ಲಿತ್ತು.

ಆಟ ಒಂದು-ಒಂದರಲ್ಲಿ ಮುಗಿಯಿತು. ವಿರುಪಾಕ್ಷಪ್ಪನವರು ಎದ್ದು ನಿಂತು, ಮೊಣಕಾಲು ಹಿಡಿದುಕೊಂಡು, ಗ್ರೌಂಡಿನ ಸುತ್ತ ಪೂರ್ತಿ ನಡೆದು ಎಣಿಸಿದರು. ನಲವತ್ತು. ಭೀಮಗೊಂಡನ ಬಳಿ ಬಂದಾಗ ಎಂಜಿನ್ನಿನೊಳಗೆ ಇಣುಕಿ, “ಸರಿಯಾಯ್ತಾ?” ಎಂದು ಕೇಳಿದರು.

“ಈಗ ಆಗಬಹುದ್ರಿ,” ಎಂದ ಭೀಮಗೊಂಡ. ಹತ್ತಿ ಕೂತು ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಚಾಲೂ ಆಯಿತು.

ಹೊತ್ತು ಮುಳುಗಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಎರಡೂ ತಂಡಗಳನ್ನು ಊಟಕ್ಕೆ ಕೂರಿಸಿದೆ. ಮಾಸ್ತರರು ಕಟ್ಟೆಯ ಮೂಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದರು.

“ಬಾಯಾರ, ಗೋಲ್ ಹೆಂಗಾತ್ರಿ?”

“ಎಡಗಡಿಂದ ಬಂತ್ರಿ. ಒಳಗ ಹೋತು,” ಎಂದೆ. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ಹೇಳಿದೆ. ಎರಡನೆಯ ಸಲವೂ ಅಷ್ಟೇ ಹೇಳಲು ಬಂತು.

ಮಣಿಪುರದ ಹುಡುಗನಿಗೆ ಇಷ್ಟು ಕನ್ನಡ ಅರ್ಥವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಅವನು ಕೈತೊಳೆದು ಬಂದು ಚೆಂಡು ತೆಗೆದುಕೊಂಡ. ಹರಿಹರದ ಇಬ್ಬರನ್ನು ಕರೆದು ಅಂಗಳದಲ್ಲಿ ಅವರವರ ಜಾಗಕ್ಕೆ ನಿಲ್ಲಿಸಿದ. ಗೋಲು ಕಾಯುವ ಹರಿಹರದ ಗೋಲಿಯೂ ಉಣ್ಣುವುದನ್ನು ಬಿಟ್ಟು ಎದ್ದು ಬಂದು ಹಿತ್ತಲ ಬಾಗಿಲಿನಲ್ಲಿ ನಿಂತ. ನಾಲ್ವರೂ ಸೇರಿ ಆ ಗೋಲನ್ನು ನಿಧಾನವಾಗಿ ಇನ್ನೊಮ್ಮೆ ಮಾಡಿ ತೋರಿಸಿದರು. ಗೋಲಿ ಬಲಕ್ಕೆ ಬೀಳಬೇಕಾದಲ್ಲಿ ಬಲಕ್ಕೇ ಬಿದ್ದ, ನಮ್ಮ ಅಂಗಳಕ್ಕೆ ಪರ್ಸಿ ಕಲ್ಲು ಹಾಸಿದ್ದರೂ.

“ಹಾಂ,” ಎಂದರು ಮಾಸ್ತರರು. ಆಮೇಲೆ ಉಂಡರು.

ಹಿಂದಿನವರನ್ನೆಲ್ಲ ಮೊದಲು ಬಿಟ್ಟದ್ದರಿಂದ ಭೀಮಗೊಂಡನ ಕಬ್ಬು ತೂಕವಾಗುವಷ್ಟರಲ್ಲಿ ಕತ್ತಲಾಗಿತ್ತೆಂದು ಮರುದಿನ ತಿಳಿಯಿತು. ಎಂಜಿನ್ನಿಗೆ ಏನಾಗಿತ್ತೆಂದು ಕೇಳಿದೆ.

“ಬಿಸಿ ಆಗಿತ್ತ ಕಾಕೂ,” ಎಂದ. ಹಣೆಯ ಮೇಲಿನ ಬುಗುಟಿಗೆ ಅರಿಷಿಣ ಹಚ್ಚಿಕೊಂಡಿದ್ದ.

ಫೆಬ್ರವರಿಯ ಕೊನೆಗೆ ಲೀಗು ಮುಗಿದು, ಎರಡನೆಯ ಸ್ಥಾನ ನಮ್ಮಲ್ಲೇ ಉಳಿಯಿತು. ಮಾರ್ಚಿಯಲ್ಲಿ ವರದಿ ಬಂತು. ಮಾಸ್ತರರು ಲಕೋಟೆ ಒಡೆಯದೆ ತಂದು ನನ್ನ ಕೈಗೆ ಕೊಟ್ಟು, ಸೀಟಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತರು. ಗಟ್ಟಿಯಾಗಿ ಓದಿದೆ.

‘ಆಸನಗಳು: ಮೂರು ಎಣಿಕೆಗಳಲ್ಲೂ ಸಾವಿರಕ್ಕೆ ಕಡಿಮೆಯಿಲ್ಲ. ಟಿಪ್ಪಣಿ ಒಂದು: ಆಸನಗಳು ಚಲಿಸುತ್ತವೆ. ಟಿಪ್ಪಣಿ ಎರಡು: ಪ್ರೇಕ್ಷಕರು ಆಸನಗಳನ್ನು ತಿನ್ನುತ್ತಾರೆ. ಸುರಕ್ಷತೆಯ ದೃಷ್ಟಿಯಿಂದ ತುಂಬಿದ ಟ್ರೇಲರುಗಳ ಮೇಲೆ ಜನರನ್ನು ಕೂರಿಸತಕ್ಕದ್ದಲ್ಲ. ಖಾಲಿ ಟ್ರೇಲರುಗಳು ಅಮಾವಾಸ್ಯೆಗೆ ಮಾತ್ರ ದೊರೆಯುತ್ತವೆಂದು ಸ್ಥಳೀಯ ವಿಚಾರಣೆಯಿಂದ ತಿಳಿದುಬಂದಿದೆ. ಆದ್ದರಿಂದ ಅಮಾವಾಸ್ಯೆಯ ಪಂದ್ಯಗಳಿಗೆ ಈ ಗ್ರೌಂಡನ್ನು ಒಪ್ಪಲಾಗಿದೆ. ಮರುಪರಿಶೀಲನೆಯ ತನಕ ಈ ಒಪ್ಪಿಗೆ ಜಾರಿಯಲ್ಲಿರುತ್ತದೆ. ಮರುಪರಿಶೀಲನೆಯನ್ನು ಯಾವುದಾದರೂ ಅಮಾವಾಸ್ಯೆಯ ಪಂದ್ಯದ ದಿನ, ಕೆಳಗೆ ಸಹಿ ಮಾಡಿದವರೇ ಬಂದು ನಡೆಸತಕ್ಕದ್ದು.’

ಕೆಳಗೆ ವಿರುಪಾಕ್ಷಪ್ಪನವರ ಸಹಿ ಇತ್ತು. ಸಹಿಯ ಪಕ್ಕದಲ್ಲಿ ಪೆನ್ನಿನಿಂದ, ಹೆಸರುಕಾಳಿನ ಪಲ್ಯ ಚೆನ್ನಾಗಿತ್ತೆಂದು ಮನೆಯವರಿಗೆ ಹೇಳಿದ್ದಾಗಿ ಬರೆದಿದ್ದರು.

ಮಾಸ್ತರರು ಕಾಗದ ಇಸಿದುಕೊಂಡು ತಾವೇ ಒಮ್ಮೆ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟು ನಿಂತರು.

“ಬಾಯಾರ, ಇವ್ರು ಅಮಾಸಿಗೆ ಹೊಂಡೂದಿಲ್ಲಲ್ರಿ?”

“ಇಲ್ರಿ.”

“ಮತ್ತ ಹೆಂಗ ಬರ್ತಾರ್ರಿ?”

“ಅವರಿಗೂ ಗೊತ್ತೈತ್ರಿ ಅದು,” ಎಂದೆ.

ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು. ಸೀಟಿಯನ್ನು ಕೊರಳಿಗೆ ಹಾಕಿಕೊಂಡರು. ಆಮೇಲೆ ನನ್ನಿಂದ ಪೆನ್ಸಿಲು ಇಸಿದುಕೊಂಡು, ಒಳಗಿನ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ಹಾಳೆಗಳನ್ನು ಅಕ್ಟೋಬರಿನ ತನಕ ಮಗುಚಿ, ಮುಂದಿನ ಲೀಗಿನ ಅಮಾವಾಸ್ಯೆಗಳಿಗೆ ಒಂದೊಂದಾಗಿ ಗುಂಡಗೆ ಗೆರೆ ಹಾಕತೊಡಗಿದರು. ಡಿಸೆಂಬರಿಗೆ ಕ್ಯಾಲೆಂಡರು ಮುಗಿಯಿತು. ಉಳಿದ ಎರಡನ್ನು ಗೋಡೆಯ ಮೇಲೆ ಬರೆಯಬಹುದೇ ಎಂದು ಕೇಳಿದರು. ಬರೆಯಿರಿ ಎಂದೆ.